ಹಿಂದಣ ಆಕ್ಸಲ್ ಬದಲಿಸುವ ಮುನ್ನ: ಘಟ್ಟದ ಜೀಪುಗಾರರಿಗೊಂದು ಬಹಿರಂಗ ಪತ್ರ



ಕೊಡಚಾದ್ರಿ, ಮಾಂದಲಪಟ್ಟಿ, ಮೂಡಿಗೆರೆ, ಸಕಲೇಶಪುರಗಳ ಕಡೆಯ ಏರುದಾರಿಗಳಲ್ಲಿ ಜೀಪು ನಡೆಸಿ ಜೀವನ ಸಾಗಿಸುತ್ತಿರುವ ಚಾಲಕ ಮಿತ್ರರಿಗೂ, ತೋಟದ ಕೆಲಸಕ್ಕೆಂದು ತಂದೆಯ ಕಾಲದಲ್ಲಿ ಕೊಂಡ ಜೀಪನ್ನು ಇನ್ನೂ ಕೈಬಿಡದೆ ಸಾಕಿಕೊಂಡು ಬಂದಿರುವ ಬೆಳೆಗಾರ ಮಹನೀಯರಿಗೂ, ಆ ಜೀಪುಗಳ ಆಯುಸ್ಸನ್ನು ತಮ್ಮ ಕೈಗುಣದಿಂದ ವರ್ಷವರ್ಷವೂ ಮುಂದಕ್ಕೆ ತಳ್ಳುತ್ತಿರುವ ಗ್ಯಾರೇಜಿನ ಮೇಸ್ತ್ರಿಗಳಿಗೂ ಈ ಪತ್ರದ ಮೂಲಕ ನಮಸ್ಕಾರಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ:

ಈಚಿನ ಕೆಲವು ವರ್ಷಗಳಿಂದ ನಿಮ್ಮಲ್ಲಿ ಹಲವರ ಮನಸ್ಸನ್ನು ಒಂದು ಅಭಿಲಾಷೆ ಆವರಿಸಿಕೊಂಡಿದೆ. ಹಳೆಯ ಜೀಪಿನ ಹಿಂದಣ ಆಕ್ಸಲನ್ನು ಹೌಸಿಂಗ್ ಸಮೇತ ಇಳಿಸಿ, ಗುಜರಿಯಲ್ಲಿ ಆರಿಸಿ ತಂದ ಬೇರೊಂದು ವಾಹನದ ದಪ್ಪನೆಯ ಆಕ್ಸಲನ್ನು ಆ ಸ್ಥಾನದಲ್ಲಿ ಕೂರಿಸಿ, ಡ್ರಮ್ಮುಗಳಿದ್ದೆಡೆ ಡಿಸ್ಕುಗಳನ್ನು ತೊಡಿಸಿಬಿಟ್ಟರೆ ಘಟ್ಟದ ಇಳಿಜಾರು ಇನ್ನೆಂದೂ ಭಯಕ್ಕೆ ಕಾರಣವಾಗಲಾರದೆಂಬುದು ಆ ಅಭಿಲಾಷೆಯ ಸಾರ. ಇದನ್ನು ಹುಚ್ಚು ಹವ್ಯಾಸವೆಂದು ತಳ್ಳಿಹಾಕುವವನು ನಾನಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಊರುಗಳ ನೆರೆಯಲ್ಲಿ, ಕಲ್ಲು, ಕೆಸರು, ಹರಿಯುವ ನೀರು ಇವುಗಳ ನಡುವೆಯೇ ದಿನವೂ ಗಾಲಿ ಉರುಳಿಸಬೇಕಾದವನಿಗೆ ತನ್ನ ಬ್ರೇಕಿನ ವಿಷಯದಲ್ಲಿ ಅಸಮಾಧಾನವಿರುವುದು ಸಹಜ, ಇಲ್ಲದಿದ್ದರೆ ಆಶ್ಚರ್ಯಪಡಬೇಕು. ಆದರೆ ಈ ಕಾರ್ಯವು ಈಗ ನಡೆಯುತ್ತಿರುವ ಕ್ರಮವನ್ನು ಕಂಡಾಗ, ಹಿಂದಣ ಗಾಲಿಗಳೆರಡರ ಮೇಲಷ್ಟೇ ದೃಷ್ಟಿಯನ್ನು ನಿಲ್ಲಿಸಿ ಉಳಿದ ವಾಹನವನ್ನೇ ಮರೆತುಬಿಡುವ ಅವಸರವನ್ನು ಕಂಡಾಗ, ಸುಮ್ಮನಿರುವುದು ಉಚಿತವಲ್ಲವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸು ಮಾಡಿದೆ.

ಮೊದಲು ಡ್ರಮ್ಮಿನ ಪಕ್ಷವನ್ನೇ ಕೇಳೋಣ. ಏಕೆಂದರೆ ಅದರ ಮೇಲೆ ಹೊರಿಸುವ ಅಪರಾಧಗಳಲ್ಲಿ ಎಲ್ಲವೂ ಅದರವಲ್ಲ. ವಿಲ್ಲಿಸ್ ವಂಶದ ಹಳೆಯ ಜೀಪಿನ ಹಿಂದಣ ಡ್ರಮ್ಮನ್ನು ಬಿಚ್ಚುವ ಕೆಲಸವನ್ನು ಹತ್ತಿರ ನಿಂತು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಆ ಆಕ್ಸಲಿನ ತುದಿ ಮೊನಚಾಗುತ್ತ ಹೋಗಿದ್ದು, ಹಬ್ಬು ಅದರ ಮೇಲೆ ಒಂದು ಕೀಲಿಯ ಆಧಾರದಿಂದ ಬಿಗಿಯಾಗಿ ಕಚ್ಚಿಕೊಂಡು ಕೂತಿರುತ್ತದೆ. ನಟ್ಟನ್ನು ತೆಗೆದ ಮಾತ್ರಕ್ಕೆ ಅದು ಬಿಡುವುದಿಲ್ಲ. ಪುಲ್ಲರನ್ನು ಕಚ್ಚಿಸಿ, ನಡುವಣ ಬೋಲ್ಟನ್ನು ಶಕ್ತಿಯಿದ್ದಷ್ಟೂ ಬಿಗಿಮಾಡಿ, ಅದರ ತಲೆಯ ಮೇಲೆ ಸುತ್ತಿಗೆಯಿಂದ ಒಂದೆರಡು ಏಟು ಹಾಕಿದ ಮೇಲೆ, ಗ್ಯಾರೇಜಿನಲ್ಲಿದ್ದವರೆಲ್ಲ ಬೆಚ್ಚಿ ತಿರುಗಿ ನೋಡುವಂಥ ಸದ್ದಿನೊಡನೆ ಹಬ್ಬು ಹೊರಕ್ಕೆ ಬರುತ್ತದೆ. ಇಷ್ಟು ಶ್ರಮವಿರುವುದರಿಂದಲೇ ಅದನ್ನು ಬಿಚ್ಚುವವರು ವಿರಳ. ಒಳಗೆ ಕಾಣುವುದೇನು? ಕೆಂಪು ಮಣ್ಣು ಲೈನರಿನ ಕರಿಪುಡಿಯೊಡನೆ ಕಲಸಿಕೊಂಡು ಶೂಗಳ ಸುತ್ತ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಆಕ್ಸಲಿನ ಆಯಿಲ್ ಸೀಲು ಸವೆದು ಡಿಫರೆನ್ಷಿಯಲ್ಲಿನ ಎಣ್ಣೆ ಬೇರಿಂಗನ್ನು ದಾಟಿ ಬಂದು ಲೈನರನ್ನು ನೆನೆಸಿರುತ್ತದೆ. ವೀಲ್ ಸಿಲಿಂಡರಿನ ರಬ್ಬರು ಟೋಪಿಯನ್ನು ಬೆರಳಿನಿಂದ ಎತ್ತಿದರೆ ಅಲ್ಲಿ ಬ್ರೇಕ್ ಆಯಿಲಿನ ತೇವ ಕಾಣಿಸುತ್ತದೆ. ಇಂಥ ಸ್ಥಿತಿಯಲ್ಲಿರುವ ಡ್ರಮ್ಮು ಜೀಪನ್ನು ನಿಲ್ಲಿಸಲಿಲ್ಲವೆಂದು ದೂರಿ ಡಿಸ್ಕಿನ ಮೊರೆಹೊಗುವುದು ನ್ಯಾಯವಲ್ಲ. ಅಷ್ಟೇ ಅಲ್ಲ, ಸೋರುವ ಸೀಲನ್ನು ಹಾಗೆಯೇ ಬಿಟ್ಟರೆ ನಾಳೆ ಅದೇ ಎಣ್ಣೆ ಡಿಸ್ಕಿನ ಪ್ಯಾಡುಗಳನ್ನೂ ನೆನೆಸೀತು.

ಹಾಗೆಂದು ಡ್ರಮ್ಮು ನಿರ್ದೋಷಿಯೆಂದು ನಾನು ಹೇಳಲಾರೆ. ಹಳ್ಳವನ್ನು ದಾಟಿ ಬಂದ ಜೀಪಿನ ಡ್ರಮ್ಮಿನೊಳಗೆ ನೀರು ನಿಲ್ಲುತ್ತದೆ; ಪೆಡಲನ್ನು ಮೆಲ್ಲನೆ ತುಳಿದುಕೊಂಡೇ ಸ್ವಲ್ಪ ದೂರ ನಡೆಸಿ ಒಣಗಿಸದ ಹೊರತು ಅದು ಹಿಡಿಯುವುದಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುವುದರಿಂದ ಪೆಡಲು ಕೆಳಕ್ಕೆ ಇಳಿಯುತ್ತದೆ. ಡಿಸ್ಕಿನ ಪ್ರಕೃತಿ ಇದಕ್ಕೆ ವಿರುದ್ಧವಾದುದು. ಕಾದಾಗ ಅದು ದಪ್ಪವಾಗಿ ಪ್ಯಾಡುಗಳ ಕಡೆಗೇ ಬರುತ್ತದೆ, ನೀರನ್ನು ತಿರುಗುವ ವೇಗದಲ್ಲೇ ಎಸೆದುಬಿಡುತ್ತದೆ, ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ. ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಎಂಬ ಮಹಾ ಯಂತ್ರಶಿಲ್ಪಿ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕು ತೊಟ್ಟ ಜಾಗ್ವಾರ್ ಕಾರು ಗೆದ್ದ ಅನಂತರವೇ ಲೋಕದ ಕಣ್ಣು ಅದರತ್ತ ಪೂರ್ಣವಾಗಿ ಹೊರಳಿತು. ಆ ಪಂದ್ಯದ ಕಾರಿನದು ನೇರ ರಸ್ತೆಯ ಕೊನೆಯಲ್ಲಿ ಮಹಾವೇಗವನ್ನು ಮತ್ತೆ ಮತ್ತೆ ತಗ್ಗಿಸಬೇಕಾದ ಕಷ್ಟ. ನಮ್ಮದು ಮಂದವೇಗದಲ್ಲಿ, ಬಿಡುವಿಲ್ಲದೆ, ಒದ್ದೆಯಲ್ಲಿ ಇಳಿಯುವ ಕಷ್ಟ. ಎರಡಕ್ಕೂ ಮದ್ದು ಒಂದೇ ಆಗಿದ್ದರೂ ಪ್ರಮಾಣ ಬೇರೆ.

ಆ ಪ್ರಮಾಣವನ್ನು ಒಂದು ಲೆಕ್ಕದಿಂದ ನೋಡಬಹುದು. ಪ್ರಯಾಣಿಕರೂ ಸೇರಿ 1,500 ಕಿಲೋ ತೂಗುವ ಜೀಪೊಂದು 600 ಮೀಟರು ಎತ್ತರದಿಂದ ಕೆಳಗಿಳಿದರೆ ಎಲ್ಲಿಗಾದರೂ ಹೋಗಲೇಬೇಕಾದ ಶಕ್ತಿ ಸುಮಾರು 88 ಲಕ್ಷ ಜೂಲ್. 28 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದಷ್ಟು ಶಾಖವದು. ಫಸ್ಟ್ ಗೇರಿನಲ್ಲಿ ಇಳಿಯುವ ವಿವೇಕಿಯ ಜೀಪಿನಲ್ಲಿ ಇದರ ಬಹುಭಾಗವನ್ನು ಎಂಜಿನ್ನೇ ನುಂಗಿಕೊಳ್ಳುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಯುವವನ ಜೀಪಿನಲ್ಲಿ ಸಮಸ್ತವೂ ಬ್ರೇಕಿನ ಪಾಲಿಗೆ ಬರುತ್ತದೆ. ಬ್ರೇಕ್ ಆಯಿಲು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರುವ ದ್ರವ್ಯವಾದುದರಿಂದ, ಹೊಸದಾಗಿದ್ದಾಗ 205 ಡಿಗ್ರಿಗೂ ಕುದಿಯದಿರುವ ಡಾಟ್ 3 ಆಯಿಲು ನೀರು ಹೀರಿಕೊಂಡ ಮೇಲೆ 140 ಡಿಗ್ರಿಯ ಸುಮಾರಿಗೇ ಕುದಿಯತೊಡಗುತ್ತದೆ; ಕುದಿದಲ್ಲಿ ಆವಿ, ಆವಿಯಿದ್ದಲ್ಲಿ ಒತ್ತಡವಿಲ್ಲ, ಕಾಲು ಪೆಡಲಿನೊಡನೆ ಸೀದಾ ನೆಲ ಮುಟ್ಟುತ್ತದೆ. ಡಿಸ್ಕು ಹಾಕಿಸಿಕೊಂಡವನಿಗೆ ಈ ನಿಯಮದಿಂದ ವಿನಾಯಿತಿಯೇನೂ ಇಲ್ಲ. ಸಾವಿರಾರು ರೂಪಾಯಿ ವ್ಯಯಿಸಿ ಡಿಸ್ಕು ತೊಡಿಸಿ, ಅಲ್ಪ ಬೆಲೆಯ ಆಯಿಲನ್ನು ಮಾತ್ರ ವರ್ಷಗಟ್ಟಲೆ ಬದಲಿಸದಿರುವವರನ್ನು ಕಂಡಿದ್ದೇನೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಡ್ರಮ್ಮಿಗೆ ಇರುವ ಒಂದು ಗುಣ ಡಿಸ್ಕಿಗೆ ಇಲ್ಲ. ಡ್ರಮ್ಮು ತಿರುಗುವ ದಿಕ್ಕಿನಲ್ಲಿರುವ ಮುಂದಣ ಶೂ, ಒಮ್ಮೆ ತಾಗಿತೆಂದರೆ, ಆ ತಿರುಗುವಿಕೆಯ ಬಲದಿಂದಲೇ ಒಳಕ್ಕೆಳೆಯಲ್ಪಟ್ಟು, ಬಾಗಿಲ ಸಂದಿಗೆ ಹೊಡೆದ ಬೆಣೆಯ ಹಾಗೆ, ತನ್ನಷ್ಟಕ್ಕೆ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಹೀಗಾಗಿ ಕಾಲಿನಿಂದ ಹೊರಡುವ ಅಲ್ಪ ಒತ್ತಡವೂ ಅಲ್ಲಿ ಅಧಿಕ ಫಲವನ್ನು ಕೊಡುತ್ತದೆ. ಡಿಸ್ಕಿನ ಪ್ಯಾಡಿಗೆ ಅಂಥ ಸ್ವಯಂಸಹಾಯವಿಲ್ಲ; ಕೊಟ್ಟಷ್ಟೇ ಹಿಡಿಯುತ್ತದೆ. ಆದುದರಿಂದ ಕ್ಯಾಲಿಪರಿನ ಪಿಸ್ಟನ್ನನ್ನು ದೊಡ್ಡದಾಗಿ ಮಾಡಿರುತ್ತಾರೆ. 19 ಮಿಲಿಮೀಟರು ವ್ಯಾಸದ ವೀಲ್ ಸಿಲಿಂಡರಿನ ಪಿಸ್ಟನ್ನಿಗೆ ಹೋಲಿಸಿದರೆ 38 ಮಿಲಿಮೀಟರಿನ ಕ್ಯಾಲಿಪರ್ ಪಿಸ್ಟನ್ನಿನ ಮುಖ ನಾಲ್ಕು ಪಾಲು ವಿಶಾಲ. ಅದು ಸರಿಯುವ ದೂರ ಕಡಿಮೆಯಾದರೂ ಅದಕ್ಕೆ ಬೇಕಾಗುವ ಆಯಿಲಿನ ಪರಿಮಾಣವೂ ಬೇಕಾಗುವ ಒತ್ತಡವೂ ಹಳೆಯ ಮಾಸ್ಟರ್ ಸಿಲಿಂಡರಿನ ಶಕ್ತಿಗೆ ಮೀರಿದವು. ಪೆಡಲು ಆಳಕ್ಕೆ ಹೋಗುತ್ತದೆಂದು ದೊಡ್ಡ ಮಾಸ್ಟರ್ ಸಿಲಿಂಡರನ್ನು ಹಾಕಿದರೆ ಒತ್ತಡ ಕುಗ್ಗುತ್ತದೆ: 19 ಮಿಲಿಮೀಟರಿನದನ್ನು ತೆಗೆದು 25 ಮಿಲಿಮೀಟರಿನದನ್ನು ಇಟ್ಟರೆ, ಅದೇ ಒತ್ತಡವನ್ನು ಪಡೆಯಲು ಕಾಲು ಹಿಂದಿಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚಾಗಿ ತುಳಿಯಬೇಕಾಗುತ್ತದೆ. ಬೂಸ್ಟರ್ ಇಲ್ಲದೆ ಇದು ತೀರದ ಮಾತು. ಬೂಸ್ಟರಿಗೆ ಬೇಕಾದದ್ದು ವ್ಯಾಕ್ಯೂಮ್. ನಮ್ಮ ಜೀಪುಗಳಲ್ಲಿ ಹೆಚ್ಚಿನವು ಡೀಸೆಲ್ಲಿನವು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ತಾನಾಗಿ ವ್ಯಾಕ್ಯೂಮ್ ದೊರೆಯದಿರುವುದರಿಂದ ಅದಕ್ಕೊಂದು ಪಂಪು ಬೇಕು. ಹೀಗೆ ಹಿಂದಣ ಗಾಲಿಯಲ್ಲಿ ಹೊರಟ ಕಾರ್ಯ ಬಾನೆಟ್ಟಿನ ಕೆಳಗೆ ಬಂದು ಮುಟ್ಟುತ್ತದೆ.

ಅತ್ಯಂತ ಹಳೆಯ ಜೀಪುಗಳ ಮಾಸ್ಟರ್ ಸಿಲಿಂಡರು ಚಾಲಕನ ಕಾಲ ಬುಡದಲ್ಲಿ, ಫ್ಲೋರಿನ ಅಡಿಗೆ, ಚಾಸಿಸ್ಸಿಗೆ ಅಂಟಿಕೊಂಡಿರುತ್ತದೆ. ಅದೂ ಒಂದೇ ಕೋಣೆಯದು. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕು ಗಾಲಿಗಳ ಬ್ರೇಕೂ ಒಟ್ಟಿಗೆ ಹೋಯಿತು. ಆ ಸಿಲಿಂಡರಿನಲ್ಲಿ ಡ್ರಮ್ಮಿಗೆಂದು ಇಟ್ಟಿರುವ ಪುಟ್ಟ ಚೆಕ್ ವಾಲ್ವೊಂದು ಪೈಪಿನಲ್ಲಿ ಯಾವಾಗಲೂ ಚದರ ಅಂಗುಲಕ್ಕೆ ಸುಮಾರು 10 ಪೌಂಡಿನಷ್ಟು ಒತ್ತಡವನ್ನು ಉಳಿಸಿಕೊಂಡಿರುತ್ತದೆ. ಡ್ರಮ್ಮಿನೊಳಗೆ ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುವುದರಿಂದ ಅದು ಬಾಧಕವಲ್ಲ. ಸ್ಪ್ರಿಂಗಿಲ್ಲದ ಕ್ಯಾಲಿಪರಿನಲ್ಲಿ ಅದೇ ಒತ್ತಡ ಪ್ಯಾಡನ್ನು ಡಿಸ್ಕಿಗೆ ಸದಾ ಒತ್ತಿ ಹಿಡಿದು, ಹತ್ತು ಹದಿನೈದು ಮೈಲಿಯಲ್ಲಿ ಗಾಲಿಯಿಂದ ಸುಟ್ಟ ವಾಸನೆ ಬರುವಂತೆ ಮಾಡುತ್ತದೆ. ವಾಲ್ವನ್ನು ಪೂರ್ತಿಯಾಗಿ ಕಿತ್ತೊಗೆದರೂ ಕೆಲಸ ಕೆಡುತ್ತದೆ. ಸಿಲಿಂಡರು ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದರೆ ಆಯಿಲು ಹಿಂದಕ್ಕೆ ಹರಿದು, ಮುಂದಿನ ಸಲ ಪೆಡಲು ಎರಡು ಬಾರಿ ತುಳಿದ ಮೇಲೆಯೇ ಹಿಡಿಯುತ್ತದೆ. ಡಿಸ್ಕಿನ ಸಾಲಿಗೆ 2 ಪೌಂಡಿನ ಬೇರೆ ವಾಲ್ವು ಬೇಕು. ಎರಡು ಕೋಣೆಗಳ ಟ್ಯಾಂಡೆಮ್ ಸಿಲಿಂಡರನ್ನು ಬೂಸ್ಟರಿನೊಡನೆ ಎತ್ತರದಲ್ಲಿ ಇಡಿಸಿದವನಿಗೆ ಈ ಗೊಂದಲವಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಡಿಸ್ಕನ್ನು ಕೊಳ್ಳುವ ಹಣದಲ್ಲಿ ಮೊದಲ ಭಾಗ ಸಲ್ಲಬೇಕಾದದ್ದು ಇದಕ್ಕೆ.

ಇಷ್ಟನ್ನೂ ಸರಿಪಡಿಸಿ, ಹಿಂದಣ ಬ್ರೇಕು ನಿಜವಾಗಿಯೂ ಬಲವಾಯಿತೆಂದೇ ಇಟ್ಟುಕೊಳ್ಳೋಣ. ಅಪಾಯ ಆರಂಭವಾಗುವುದು ಅಲ್ಲಿಯೇ. ಬ್ರೇಕು ಹಿಡಿದಾಗ ವಾಹನದ ಭಾರ ಮುಂದಕ್ಕೆ ವಾಲುತ್ತದೆಂಬುದು ನಿಮಗೆಲ್ಲ ತಿಳಿದ ಅನುಭವ. ವಿಲ್ಲಿಸ್ ವಂಶದ ಸಿಜೆ-3ಬಿ ಜೀಪಿನ ಮುಂದಣ ಹಿಂದಣ ಗಾಲಿಗಳ ನಡುವಣ ಅಂತರ ಕೇವಲ 80 ಅಂಗುಲ. ಭಾರಕೇಂದ್ರ ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆಯೆಂದೂ, ನಿಂತಾಗ ಭಾರ ಮುಂದೆ ಹಿಂದೆ ಸಮವಾಗಿ ಹಂಚಿಹೋಗಿದೆಯೆಂದೂ ಊಹಿಸಿಕೊಂಡು ಲೆಕ್ಕ ಹಾಕಿದರೆ, ಒಣರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದ ಕ್ಷಣದಲ್ಲಿ ಮುಂದಣ ಗಾಲಿಗಳ ಮೇಲೆ ನೂರಕ್ಕೆ 69 ಪಾಲು, ಹಿಂದಣವುಗಳ ಮೇಲೆ 31 ಪಾಲು ಮಾತ್ರ ಉಳಿಯುತ್ತದೆ. ನಾಲ್ಕಡಿಗೆ ಒಂದಡಿ ಇಳಿಯುವ ಜಾರಿನಲ್ಲಿ ಇನ್ನೂ 8 ಪಾಲಿನಷ್ಟು ಮುಂದಕ್ಕೆ ಹೋಗುತ್ತದೆ. ಹೀಗೆ ಹಗುರವಾದ ಹಿಂದಣ ಗಾಲಿಯನ್ನು ಬಲವಾದ ಬ್ರೇಕಿನಿಂದ ಬಿಗಿಹಿಡಿದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಮುಂದಣ ಗಾಲಿ ಮೊದಲು ಜಾರಿದರೆ ಜೀಪು ಸ್ಟಿಯರಿಂಗಿಗೆ ಬಗ್ಗದಿದ್ದರೂ ನೇರವಾಗಿಯೇ ಹೋಗುತ್ತದೆ. ಹಿಂದಣ ಗಾಲಿ ಮೊದಲು ಜಾರಿದರೆ ಬಾಲ ಮುಂದಕ್ಕೆ ಬರಲು ಹವಣಿಸಿ ಜೀಪು ಅಡ್ಡಲಾಗುತ್ತದೆ. ಗಾಲಿಗಳ ನಡುವಣ ಅಂತರ ಕಿರಿದಾದಷ್ಟೂ ಅಡ್ಡಲಾಗುವ ವೇಗ ಹೆಚ್ಚು. ಒಂದು ಪಕ್ಕ ಗುಡ್ಡ, ಮತ್ತೊಂದು ಪಕ್ಕ ಕಣಿವೆಯಿರುವ ದಾರಿಯಲ್ಲಿ ಅಡ್ಡಲಾದ ಜೀಪಿಗೆ ಹೋಗಲು ಯಾವ ಸ್ಥಳವಿದೆ? ಮುಂದೆ ಹಳೆಯ ಡ್ರಮ್ಮು, ಹಿಂದೆ ಹೊಸ ಡಿಸ್ಕು ಎಂಬ ಜೋಡಣೆ, ಎಷ್ಟು ಅಂದವಾಗಿ ಮಾಡಿದ್ದರೂ, ನಾಲ್ಕೂ ಗಾಲಿಗಳಲ್ಲಿ ಡ್ರಮ್ಮಿದ್ದ ಜೀಪಿಗಿಂತ ಕೆಟ್ಟದ್ದೆಂದು ನಾನು ನಿಸ್ಸಂದೇಹವಾಗಿ ಹೇಳಬಲ್ಲೆ. ಡಿಸ್ಕು ಮೊದಲು ಮುಂದೆ ಬರಲಿ. ಹಿಂದೆ ಅನಂತರ ಬರಲಿ, ಬರುವಾಗ ಒತ್ತಡವನ್ನು ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವಿನೊಡನೆ ಬರಲಿ.

ಇನ್ನು ಆಕ್ಸಲಿನ ವಿಷಯ. ಅಮೆರಿಕದ ಜೀಪುಪ್ರಿಯರು ಫೋರ್ಡ್ ಎಕ್ಸ್‌ಪ್ಲೋರರಿನ ಹಿಂದಣ ಆಕ್ಸಲನ್ನು ತಂದು ತಮ್ಮ ಚೆರೋಕಿ, ರ‍್ಯಾಂಗ್ಲರ್ ಜೀಪುಗಳಿಗೆ ಕೂರಿಸುವುದನ್ನು ನಿಮ್ಮಲ್ಲಿ ಕೆಲವರು ಚಿತ್ರಗಳಲ್ಲಿ ನೋಡಿ ಮನಸೋತಿದ್ದೀರಿ. ಅವರ ಆಯ್ಕೆಗೆ ಕಾರಣಗಳಿದ್ದವು. ಆ ಆಕ್ಸಲಿನ ಕ್ರೌನಿನ ವ್ಯಾಸ 8.8 ಅಂಗುಲ, ಶಾಫ್ಟಿನ ತುದಿಯ ಹಲ್ಲುಗಳು 31. ಅವರು ತೆಗೆದೆಸೆಯುತ್ತಿದ್ದ ಡಾನಾ 35 ಎಂಬ ಆಕ್ಸಲಿನಲ್ಲಿ ಹಲ್ಲುಗಳು 27 ಮಾತ್ರ. 1995ರಿಂದ ಎಕ್ಸ್‌ಪ್ಲೋರರಿಗೆ ಹಿಂದೆಯೂ ಡಿಸ್ಕು ಬಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಆ ಆಕ್ಸಲಿನ ಅಗಲ, ಸುಮಾರು 60 ಅಂಗುಲ, ಚೆರೋಕಿಗೆ ಬಹುಮಟ್ಟಿಗೆ ಹೊಂದುತ್ತಿತ್ತು. ಗಾಲಿಯ ಐದು ಬೋಲ್ಟುಗಳು ಕೂರುವ ವೃತ್ತವೂ ಎರಡರಲ್ಲೂ ನಾಲ್ಕೂವರೆ ಅಂಗುಲದ್ದೇ ಆಗಿತ್ತು. ನಮ್ಮ ವಿಲ್ಲಿಸ್ ವಂಶದ ಜೀಪಿನಲ್ಲಿ ಗಾಲಿಗಳ ನಡುವಣ ಅಗಲ ಸುಮಾರು 48 ಅಂಗುಲ, ಬೋಲ್ಟುಗಳ ವೃತ್ತ ಐದೂವರೆ ಅಂಗುಲ. ಅಲ್ಲಿ ಒಪ್ಪಿದ ಅಂಗಿ ಇಲ್ಲಿ ಒಪ್ಪುವುದಿಲ್ಲವೆಂಬುದಕ್ಕೆ ಇನ್ನಾವ ಪುರಾವೆಯೂ ಬೇಡ. ಅವರಂತೆ ಆಕ್ಸಲನ್ನು ತರುವುದಕ್ಕೆ ಮೊದಲು, ಅವರಂತೆ ಟೇಪು ಹಿಡಿದು ಅಳೆಯುವುದನ್ನು ನಾವು ಅನುಸರಿಸಬೇಕು.

ಅಗಲವೊಂದೇ ಅಳತೆಯಲ್ಲ. ಹಳೆಯ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೊರಡುವ ಪ್ರೊಪೆಲ್ಲರ್ ಶಾಫ್ಟು ನಡುವಿನಲ್ಲಿರದೆ ಬಲಕ್ಕೆ ಸರಿದಿರುವುದರಿಂದ ಹಿಂದಣ ಡಿಫರೆನ್ಷಿಯಲ್ಲೂ ಬಲಕ್ಕೇ ಸರಿದಿದೆ. ನಡುಮಧ್ಯದಲ್ಲಿ ಡಿಫರೆನ್ಷಿಯಲ್ ಇರುವ ಆಕ್ಸಲನ್ನು ತಂದರೆ ಶಾಫ್ಟು ಪಕ್ಕಕ್ಕೆ ಓರೆಯಾಗಿ ಓಡಬೇಕಾಗುತ್ತದೆ. ಇನ್ನು ಕ್ರೌನ್ ಪಿನಿಯನ್ನುಗಳ ಅನುಪಾತ. ಇದನ್ನು ಎಣಿಸದೆ ಆಕ್ಸಲ್ ಬದಲಿಸುವವರು ಇದ್ದಾರೆಂದು ನಂಬುವುದು ಕಷ್ಟವಾದರೂ, ಇರುವುದು ನಿಜ. ಸಿಜೆ-3ಬಿಯಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43; ಎಂದರೆ 5.38ಕ್ಕೆ ಒಂದು. ಮುಂದಣ ಆಕ್ಸಲಿನಲ್ಲೂ ಅದೇ. ಹಿಂದೆ 4.10ರ ಆಕ್ಸಲನ್ನು ಕೂರಿಸಿ ಮುಂದಿನದನ್ನು ಹಾಗೆಯೇ ಬಿಟ್ಟರೆ, ಎರಡು ಗಾಲಿಗಳ ಚಾಲನೆಯಲ್ಲಿ ಏನೂ ತೋರದು. ಕೆಸರಿನಲ್ಲಿ ಸಿಕ್ಕಿಕೊಂಡು ಫೋರ್ ವೀಲ್ ಲಿವರನ್ನು ಎಳೆದ ದಿನ, ಹಿಂದಣ ಗಾಲಿ 13 ಸುತ್ತು ಸುತ್ತುವಷ್ಟರಲ್ಲಿ ಮುಂದಣ ಗಾಲಿ 10 ಸುತ್ತನ್ನೂ ಮುಗಿಸಲಾರದೆ, ಒಂದನ್ನೊಂದು ಎಳೆದಾಡಿ, ಟ್ರಾನ್ಸ್‌ಫರ್ ಕೇಸಿನ ಹಲ್ಲನ್ನೋ ಶಾಫ್ಟಿನ ಕ್ರಾಸನ್ನೋ ಮುರಿಯುತ್ತವೆ. ಫೋರ್ ವೀಲಿನ ಸಲುವಾಗಿಯೇ ಜೀಪನ್ನು ಇಟ್ಟುಕೊಂಡಿರುವವರು ಇಂಥ ಆಕ್ಸಲನ್ನು ಹಾಕಿಸುವುದರ ಅರ್ಥವೇನು?

ಮೇಸ್ತ್ರಿಗಳೊಡನೆ ಒಂದೆರಡು ಮಾತು. ಕಮಾನುಪಟ್ಟಿಗಳು ಕೂರುವ ಸೀಟುಗಳನ್ನು ಕತ್ತರಿಸಿ ಹೊಸ ಜಾಗದಲ್ಲಿ ವೆಲ್ಡ್ ಮಾಡುವುದು ಈ ಕೆಲಸದ ಪ್ರಾಣ. ಪಿನಿಯನ್ನಿನ ಮೂತಿ ಯಾವ ಕೋನದಲ್ಲಿ ಮೇಲಕ್ಕೆ ನೋಡಬೇಕೆಂಬುದು ಅಲ್ಲಿಯೇ ನಿರ್ಣಯವಾಗಿಬಿಡುತ್ತದೆ. ಎರಡು ಕ್ರಾಸುಗಳಿರುವ ಶಾಫ್ಟಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಮೂತಿಯೂ ಪಿನಿಯನ್ನಿನ ಮೂತಿಯೂ ಪರಸ್ಪರ ಸಮಾಂತರವಾಗಿದ್ದರೆ ಮಾತ್ರ ಒಂದು ಕ್ರಾಸು ಹುಟ್ಟಿಸಿದ ಏರಿಳಿತವನ್ನು ಇನ್ನೊಂದು ಕಳೆಯುತ್ತದೆ. ಜಾಕಿನ ಮೇಲೆ ತೂಗಾಡುವ ಜೀಪಿನಲ್ಲಿ ಈ ಕೋನವನ್ನು ಅಳೆಯುವುದು ವ್ಯರ್ಥ. ಸೀಟುಗಳನ್ನು ಚುಕ್ಕಿ ವೆಲ್ಡಿನಿಂದ ಹಿಡಿಸಿ, ಯು ಬೋಲ್ಟು ಬಿಗಿದು, ಜೀಪನ್ನು ತನ್ನ ಗಾಲಿಗಳ ಮೇಲೆ ತಾನೇ ನಿಲ್ಲುವಂತೆ ಇಳಿಸಿ, ಭಾರ ಪೂರ್ತಿ ಪಟ್ಟಿಯ ಮೇಲೆ ಬಿದ್ದ ನಂತರ ಅಳೆದು, ಮತ್ತೆ ಕಳಚಿ ಪೂರ್ಣ ವೆಲ್ಡ್ ಮಾಡುವ ತಾಳ್ಮೆ ಬೇಕು. ವೆಲ್ಡಿಂಗಿನ ಶಾಖಕ್ಕೆ ಹೌಸಿಂಗಿನ ಕೊಳವೆ ಬಾಗದಂತೆ ಸ್ವಲ್ಪ ಅಲ್ಲಿ, ಸ್ವಲ್ಪ ಇಲ್ಲಿ ಎಂದು ಆರಲು ಬಿಟ್ಟು ಮಾಡಬೇಕು. ಸೀಲು, ಶಾಫ್ಟುಗಳನ್ನು ಮೊದಲೇ ಹೊರತೆಗೆಯಬೇಕು. ಅರ್ತಿನ ಕ್ಲಾಂಪನ್ನು ಅದೇ ಕೊಳವೆಗೆ, ವೆಲ್ಡಿನ ಸಮೀಪದಲ್ಲೇ ಹಾಕಬೇಕು. ಚಾಸಿಸ್ಸಿಗೆಲ್ಲೋ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹಾದು ಅವುಗಳ ಮೈಯಲ್ಲಿ ಗುಳಿ ಮಾಡುತ್ತದೆ. ಇವೆಲ್ಲ ನಿಮಗೆ ನಾನು ಹೇಳಿಕೊಡಬೇಕಾದ ಪಾಠಗಳಲ್ಲವೆಂದು ಬಲ್ಲೆ. ಗಿರಾಕಿಯ ಅವಸರಕ್ಕೆ ಮಣಿದು ಬಿಟ್ಟುಬಿಡದಿರಲಿ ಎಂಬುದಷ್ಟೇ ಪ್ರಾರ್ಥನೆ.

ಮತ್ತೊಂದು ಸೂಕ್ಷ್ಮವಿದೆ, ಅದು ಹಲವರ ಗಮನಕ್ಕೆ ಬಾರದು. ಆಕ್ಸಲ್ ಶಾಫ್ಟನ್ನು ಒಳಕ್ಕೂ ಹೊರಕ್ಕೂ ಅಲುಗಿಸಿ ನೋಡಿದರೆ ಕೂದಲೆಳೆಯಷ್ಟು ಆಟ ಇದ್ದೇ ಇರುತ್ತದೆ. ಬೇರಿಂಗು ಸವೆದರೆ ಅದು ಹೆಚ್ಚುತ್ತದೆ. ಡ್ರಮ್ಮು ಅದನ್ನು ಲೆಕ್ಕಿಸುವುದಿಲ್ಲ. ಡಿಸ್ಕಿಗಾದರೋ ಅದು ಬಾಧಕ. ಹೇರ್‌ಪಿನ್ ತಿರುವಿನಲ್ಲಿ ಶಾಫ್ಟು ಪಕ್ಕಕ್ಕೆ ಸರಿದಾಗ ಡಿಸ್ಕೂ ಸರಿದು ಪ್ಯಾಡನ್ನೂ ಅದರ ಹಿಂದಣ ಪಿಸ್ಟನ್ನನ್ನೂ ಹಿಂದಕ್ಕೆ ನೂಕುತ್ತದೆ. ತಿರುವು ದಾಟಿ ಮೊದಲ ಸಲ ಪೆಡಲು ತುಳಿದಾಗ ಅದು ಅನಿರೀಕ್ಷಿತವಾಗಿ ಕೆಳಕ್ಕೆ ಹೋಗಿ ಎರಡನೆಯ ತುಳಿತಕ್ಕೆ ಮೇಲೆ ಬರುತ್ತದೆ. ಗಾಳಿ ಸೇರಿದೆಯೆಂದು ಎಷ್ಟು ಸಲ ಬ್ಲೀಡ್ ಮಾಡಿದರೂ ಇದು ಹೋಗದು. ಚಾರ್ಮಾಡಿಯಂಥ ಘಟ್ಟದಲ್ಲಿ ಆ ಎರಡನೆಯ ತುಳಿತಕ್ಕೆ ಅವಕಾಶ ಯಾವಾಗಲೂ ಸಿಕ್ಕೀತೆಂಬ ಭರವಸೆಯಿಲ್ಲ. ಡಿಸ್ಕು ತೊಡಿಸುವ ಮುನ್ನ ಬೇರಿಂಗು ಹೊಸದಾಗಬೇಕು, ಶಿಮ್ಮು ಹಾಕಿ ಆಟವನ್ನು ನಿಗದಿಗೆ ತರಬೇಕು.

ಹ್ಯಾಂಡ್ ಬ್ರೇಕಿನ ಕಥೆಯಂತೂ ಖೇದಕರ. ಮಲೆನಾಡಿನ ಒಂದು ಗ್ಯಾರೇಜಿನ ಮುಂದೆ, ಹೊಸದಾಗಿ ಹಿಂದಣ ಡಿಸ್ಕು ತೊಟ್ಟು ಬಣ್ಣ ಬಳಿಸಿಕೊಂಡು ನಿಂತಿದ್ದ ಜೀಪೊಂದನ್ನು ಮೆಚ್ಚುಗೆಯಿಂದ ನೋಡುತ್ತ ಒಳಗೆ ಇಣುಕಿದೆ. ಹ್ಯಾಂಡ್ ಬ್ರೇಕಿನ ಲಿವರ್ ಇರಬೇಕಾದೆಡೆ ಒಂದು ತೂತು, ಅದಕ್ಕೊಂದು ರಬ್ಬರಿನ ಬಿರಡೆ. "ಹ್ಯಾಂಡ್ ಬ್ರೇಕ್ ಎಲ್ಲಪ್ಪ?" ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ, "ಅದ್ಕೇನ್ ಸಾರ್, ಸೀಟಿನ್ ಕೆಳಗೆ ಮರದ್ ತುಂಡ್ ಇಟ್ಟಿದೀವಲ್ಲ" ಎಂದು ನಿಶ್ಚಿಂತೆಯಿಂದ ಉತ್ತರಿಸಿದ. ವಿಲ್ಲಿಸ್ ಜೀಪಿನ ಹ್ಯಾಂಡ್ ಬ್ರೇಕು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದ್ದು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವಂಥದು. ಶಾಫ್ಟು ಬದಲಿಸುವ ಗಡಿಬಿಡಿಯಲ್ಲಿ ಅದು ಮಾಯವಾಗುತ್ತದೆ. ಹೊಸ ಆಕ್ಸಲಿನ ಡಿಸ್ಕಿನ ಟೋಪಿಯೊಳಗೆ ಹ್ಯಾಂಡ್ ಬ್ರೇಕಿಗೆಂದೇ ಪುಟ್ಟ ಡ್ರಮ್ಮು ಇದ್ದರೂ, ಅಥವಾ ಕ್ಯಾಲಿಪರಿನಲ್ಲೇ ಕೇಬಲ್ಲಿನ ಲಿವರ್ ಇದ್ದರೂ, ಅದಕ್ಕೆ ಕೇಬಲ್ ಎಳೆಯುವ ಗೋಜಿಗೆ ಹೋಗುವವರು ಕಡಿಮೆ. ಕೇಬಲ್ಲಿನಿಂದ ಎಳೆಯುವ ಕ್ಯಾಲಿಪರಿನಲ್ಲಿ ಎಚ್ಚರಿಕೆಯೂ ಬೇಕು: ಘಟ್ಟ ಇಳಿದು ಬಂದು, ಕಾದ ಡಿಸ್ಕಿನ ಮೇಲೆ ಹ್ಯಾಂಡ್ ಬ್ರೇಕನ್ನು ಎಳೆದು ನಿಲ್ಲಿಸಿ ಹೋದರೆ, ಡಿಸ್ಕು ಆರುತ್ತ ಕುಗ್ಗಿ ಹಿಡಿತ ಸಡಿಲವಾಗಿ, ಚಹಾ ಕುಡಿದು ಬರುವಷ್ಟರಲ್ಲಿ ಜೀಪು ಹೊರಟಿರಬಹುದು. ಗೇರಿನಲ್ಲಿಟ್ಟು ನಿಲ್ಲಿಸುವುದನ್ನು ಮರೆಯಬೇಡಿ.

ಕಾನೂನಿನ ಮಾತನ್ನು ಕೊನೆಗೆ ಉಳಿಸಿಕೊಂಡೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮವು ಕಾಲಿನ ಬ್ರೇಕು, ನಿಲುಗಡೆಯ ಬ್ರೇಕು ಎಂಬ ಎರಡು ಪ್ರತ್ಯೇಕ ವ್ಯವಸ್ಥೆಗಳು ಇರಲೇಬೇಕೆಂದು ವಿಧಿಸುತ್ತದೆ. ಮರದ ತುಂಡನ್ನು ಅದು ಪುರಸ್ಕರಿಸುವುದಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಅರ್ಥವನ್ನೇ ದೃಢಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಸುರಕ್ಷತೆಗಾಗಿಯೇ ಮಾಡುವ ಬದಲಾವಣೆಗೂ ಇದು ಅನ್ವಯಿಸಬೇಕೆ ಎಂದು ನೀವು ಕೇಳಬಹುದು. ಆ ಪ್ರಶ್ನೆಯಲ್ಲಿ ನ್ಯಾಯವಿದೆ, ಅದನ್ನು ಸರಕಾರದ ಮುಂದೆ ಸಂಘಟಿತರಾಗಿ ಇಡಬೇಕು. ಆದರೆ ದಾರಿಯಲ್ಲಿ ಅವಘಡವಾದರೆ, ಆಕ್ಸಲ್ ಬದಲಾದ ಜೀಪಿನ ವಿಮೆಯ ಬಗ್ಗೆ ಪ್ರಶ್ನೆ ಏಳುವುದು ಖಂಡಿತ. ಅದರಲ್ಲಿ ಪ್ರಯಾಣಿಕರೂ ಇದ್ದರೆ ಕಷ್ಟ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ. ಆದುದರಿಂದ ಗುಜರಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ನನ್ನ ತೀರ್ಮಾನವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಬೆಟ್ಟ ಹತ್ತಿಸುವ ಜೀಪಿಗೆ ಆಕ್ಸಲ್ ಬದಲಾವಣೆ ಬೇಡ. ಹೊಸ ಸೀಲು, ಹೊಸ ಲೈನರು, ಹೊಸ ವೀಲ್ ಸಿಲಿಂಡರು, ಲೇತಿನಲ್ಲಿ ದುಂಡಗಾಗಿಸಿದ ಡ್ರಮ್ಮು, ವರ್ಷಕ್ಕೊಮ್ಮೆಯಾದರೂ ಹೊಸ ಆಯಿಲು, ಇವಿಷ್ಟರಿಂದ ಆ ಜೀಪು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ತನ್ನ ತೋಟದೊಳಗಿನ ದಾರಿಗಳಲ್ಲಿ ಮಾತ್ರ ಓಡಿಸುವ, ಸಾಕಷ್ಟು ಹಣವೂ ನಂಬಿಕೆಯ ಮೇಸ್ತ್ರಿಯೂ ಇರುವ ಹವ್ಯಾಸಿಯು ಮುಂದಣ ಡಿಸ್ಕು, ಟ್ಯಾಂಡೆಮ್ ಸಿಲಿಂಡರು, ಬೂಸ್ಟರು ಇವುಗಳನ್ನು ಮೊದಲು ಮುಗಿಸಿಕೊಂಡು ಅನಂತರ ಹಿಂದಕ್ಕೆ ಬರಲಿ. ಬಂದ ಮೇಲೆ, ನಿರ್ಜನವಾದ ಬಯಲಿನಲ್ಲಿ ನೆಲಕ್ಕೆ ನೀರು ಸುರಿಸಿ, ಮಂದವೇಗದಲ್ಲಿ ಗಟ್ಟಿಯಾಗಿ ಬ್ರೇಕು ಹಿಡಿದು, ಮೊದಲು ಕಟ್ಟಿಕೊಳ್ಳುವುದು ಮುಂದಣ ಗಾಲಿಯೋ ಹಿಂದಣದೋ ಎಂಬುದನ್ನು ಹೊರಗೆ ನಿಂತ ಇನ್ನೊಬ್ಬರಿಂದ ನೋಡಿಸಲಿ. ಹಿಂದಣದೇ ಮೊದಲಾದರೆ ಪ್ರೊಪೋರ್ಷನಿಂಗ್ ವಾಲ್ವನ್ನು ಇನ್ನಷ್ಟು ತಿರುಗಿಸಿ ಒತ್ತಡ ತಗ್ಗಿಸಬೇಕೇ ಹೊರತು ಆ ಜೀಪನ್ನು ರಸ್ತೆಗೆ ಇಳಿಸಕೂಡದು.

ಮೇಸ್ತ್ರಿಗಳಲ್ಲಿ ವಿಶೇಷವಾದ ಪ್ರಾರ್ಥನೆ: ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕೊಂದರಿಂದಲೇ ನಿಲ್ಲದ ಜೀಪಿನ ಕೀಯನ್ನು, ಗಿರಾಕಿ ಎಷ್ಟೇ ಒತ್ತಾಯಿಸಿದರೂ, ಅವನ ಕೈಗೆ ಕೊಡಬೇಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಜೀಪುಗಾರ